ಸ್ಟೆತಸ್ಕೋಪ್ ಕೆಳಗಿಡದೆ ಜೀನೋಮಿಕ್ಸ್‌ಗೆ ಇಳಿಯುವುದು

ಎಂಡಿ ಮುಗಿಸಿ ಜೀನೋಮಿಕ್ಸ್ (ಇಡೀ ಡಿಎನ್‌ಎ ಬರಹದ ಅಧ್ಯಯನ) ಕಡೆ ಮನಸ್ಸು ಹೊರಳಿದ ವೈದ್ಯರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ ಪ್ರಶ್ನೆ: ಪೈಥಾನ್ ಕಲಿಯಲೋ, ಆರ್ ಕಲಿಯಲೋ? ಎರಡೂ ಮುಂದೆ ಬೇಕಾದೀತು. ಆದರೆ ಕೋಡ್ ಬರೆಯುವವರು ಬೆಂಗಳೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಇಪ್ಪತ್ತರ ಹುಡುಗಿಯ ನಡಿಗೆ ನೋಡಿ ಇದು ಸ್ನಾಯುವಿನ ಕಾಯಿಲೆಯೋ ನರದ್ದೋ ಎಂದು ಹೇಳಬಲ್ಲವರು, ಅವಳ ಸೋದರಮಾವನಿಗೂ ಹೀಗೇ ಆಗಿತ್ತೇ ಎಂದು ಕೇಳಬೇಕೆಂದು ಹೊಳೆಯುವವರು, ಆ ಮನೆಯವರನ್ನು ಐದು ವರ್ಷ ಬಿಟ್ಟೂ ಫೋನ್ ಮಾಡಿ ಕರೆಸಬಲ್ಲವರು ಸಿಗುವುದು ಕಷ್ಟ. ವೈದ್ಯರು ಸಂಶೋಧನೆಗೆ ತರುವ ಬಂಡವಾಳ ಅದು. ಅದನ್ನು ಮೂಲೆಗಿಟ್ಟು ಅರೆಬರೆ ಪ್ರೋಗ್ರಾಮರ್ ಆಗಹೊರಟವರು ಓಪಿಡಿಗೂ ಸಲ್ಲುವುದಿಲ್ಲ, ಲ್ಯಾಬಿಗೂ ಸಲ್ಲುವುದಿಲ್ಲ.

ಈ ಕ್ಷೇತ್ರ ಹುಟ್ಟಿದ್ದೇ ಹಾಸಿಗೆಯ ಪಕ್ಕದಲ್ಲಿ. ಆಲ್ಕಾಪ್ಟನ್ಯೂರಿಯಾ ಇರುವವರ ಮೂತ್ರ ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ ಗಮನಿಸಿದ್ದು ಇಷ್ಟೇ: ಇಂಥ ಮಕ್ಕಳ ತಂದೆತಾಯಿ ಒಡಹುಟ್ಟಿದವರ ಮಕ್ಕಳಾಗಿರುವುದು ತೀರಾ ಹೆಚ್ಚು. ಡಿಎನ್‌ಎ ಎಂದರೇನೆಂದೇ ಗೊತ್ತಿಲ್ಲದ ಕಾಲದಲ್ಲಿ, ಮೆಂಡೆಲ್ ಹೇಳಿದ ರಿಸೆಸಿವ್ (ಜೀನಿನ ಎರಡೂ ಪ್ರತಿ ಕೆಟ್ಟಾಗ ಮಾತ್ರ ತೋರುವ) ಆನುವಂಶಿಕತೆ ಮನುಷ್ಯರ ಕಾಯಿಲೆಗೂ ಒಪ್ಪುತ್ತದೆ ಎಂಬ ತೀರ್ಮಾನ ಬಂದದ್ದು ಆ ಗಮನಿಕೆಯಿಂದ.

ಇನ್ನೂ ಒಳ್ಳೆಯ ಪಾಠ ಪಿಸಿಎಸ್‌ಕೆ9 ಜೀನಿನದು. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಕೊಲೆಸ್ಟರಾಲ್ ವಿಪರೀತ ಏರಲು ಈ ಜೀನಿನ ಬದಲಾವಣೆ ಕಾರಣ ಎಂದು ಗೊತ್ತಾಯಿತು. ಎಲ್ಲರೂ ಕೊಲೆಸ್ಟರಾಲ್ ಹೆಚ್ಚಿದ್ದವರನ್ನು ಹುಡುಕುತ್ತಿದ್ದಾಗ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಹೆಲೆನ್ ಹಾಬ್ಸ್ ಎಂಬ ವೈದ್ಯೆ ಮತ್ತು ಜೊನಾಥನ್ ಕೋಹೆನ್ ಎಂಬ ವಿಜ್ಞಾನಿ ಪಟ್ಟಿಯ ಕೆಳತುದಿಗೆ ಹೋದರು. ಡಲ್ಲಾಸ್ ಹಾರ್ಟ್ ಸ್ಟಡಿಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ತೀರಾ ಕಡಿಮೆ ಇದ್ದವರಲ್ಲಿ ಇದೇ ಜೀನನ್ನು ಓದಿದಾಗ, ಕಪ್ಪುಜನರಲ್ಲಿ ಕೆಲವರಿಗೆ ಜೀನಿನ ಒಂದು ಪ್ರತಿ ಕೆಲಸವನ್ನೇ ಮಾಡುತ್ತಿರಲಿಲ್ಲ. 2006ರಲ್ಲಿ ಬೇರೊಂದು ಅಧ್ಯಯನದ 15 ವರ್ಷದ ಲೆಕ್ಕ ತೆಗೆದು ನೋಡಿದರೆ ಅಂಥವರ ಎಲ್‌ಡಿಎಲ್ ಶೇ 28 ಕಡಿಮೆ, ಹೃದಯದ ರಕ್ತನಾಳದ ಕಾಯಿಲೆ ಶೇ 88 ಕಡಿಮೆ. ಆ ಪ್ರೊಟೀನನ್ನು ತಡೆಯುವ ಎರಡು ಆಂಟಿಬಾಡಿ ಔಷಧಗಳಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಲ್ಲಿ ಯಂತ್ರ ಹೊಸದಾಗಿರಲಿಲ್ಲ, ಪ್ರಶ್ನೆ ಹೊಸದಾಗಿತ್ತು. ಅಂಥ ಪ್ರಶ್ನೆ ಬರುವುದು ಲಿಪಿಡ್ ಕ್ಲಿನಿಕ್ಕಿನಲ್ಲಿ ಕೂತವರಿಗೆ. ಜೊತೆಗೆ ವೈದ್ಯೆಯೊಬ್ಬರೇ ಇದನ್ನು ಮಾಡಲಿಲ್ಲ ಎಂಬುದೂ ನೆನಪಿರಲಿ. ಮೊದಲ ದಿನದಿಂದ ಒಬ್ಬ ಮೂಲವಿಜ್ಞಾನಿಯ ಜೋಡಿ ಬೇಕು.

ದಾರಿಗಳು

ನಮ್ಮಲ್ಲಿ ಸದ್ಯಕ್ಕೆ ಮೂರು ದಾರಿ ಇವೆ, ಮೂರೂ ಸ್ವಲ್ಪ ಅಂಕುಡೊಂಕು.

ನೇರವಾದದ್ದು ಡಿಎಂ ಮೆಡಿಕಲ್ ಜೆನೆಟಿಕ್ಸ್. ಮಕ್ಕಳ ವೈದ್ಯಕೀಯ, ಜನರಲ್ ಮೆಡಿಸಿನ್ ಅಥವಾ ಪ್ರಸೂತಿ ವಿಭಾಗದಲ್ಲಿ ಪಿಜಿ ಮಾಡಿದವರಿಗೆ ಮೂರು ವರ್ಷ. ಲಖನೌದ ಸಂಜಯ ಗಾಂಧಿ ಸಂಸ್ಥೆ, ದೆಹಲಿಯ ಏಮ್ಸ್, ಹೈದರಾಬಾದಿನ ನಿಮ್ಸ್ ಮುಂತಾದ ಕಡೆ ಇದೆ. ಸೀಟು ದೇಶಕ್ಕೆಲ್ಲ ಬೆರಳೆಣಿಕೆಯಷ್ಟು. ಇದರಿಂದ ಹೊರಬಂದವರು ಒಳ್ಳೆಯ ಕ್ಲಿನಿಕಲ್ ಜೆನೆಟಿಸಿಸ್ಟ್ ಆಗುತ್ತಾರೆ. ಸಂಶೋಧಕರಾಗುತ್ತಾರೋ ಇಲ್ಲವೋ ಎಂಬುದು ಆ ಮೂರು ವರ್ಷದಲ್ಲಿ ಲ್ಯಾಬಿನ ಬೆಂಚಿಗೆ ಎಷ್ಟು ಕೂತರು ಎಂಬುದರ ಮೇಲೆ ನಿಲ್ಲುತ್ತದೆ.

ಎರಡನೆಯದು ಎಂಡಿ ಆದ ಮೇಲೆ ಪಿಎಚ್‌ಡಿ. ನಿಮ್ಹಾನ್ಸ್, ಐಐಎಸ್‌ಸಿ, ಇಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರ್ಬಾ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗ: ಕರ್ನಾಟಕದಲ್ಲೇ ಇರಬೇಕು ಎನ್ನುವವರು ಮೊದಲು ಇವುಗಳ ಬಾಗಿಲು ತಟ್ಟಬಹುದು. ವಯಸ್ಸು ಮೂವತ್ತು ದಾಟಿರುತ್ತದೆ, ಜೊತೆಯವರು ಕ್ಲಿನಿಕ್ ತೆರೆದಿರುತ್ತಾರೆ, ಫೆಲೋಶಿಪ್ಪಿನ ಹಣ ಸೀನಿಯರ್ ರೆಸಿಡೆಂಟ್ ಸಂಬಳದ ಹತ್ತಿರವೂ ಬರುವುದಿಲ್ಲ. ಮನೆಯವರೊಂದಿಗೆ ಈ ಲೆಕ್ಕವನ್ನು ಮೊದಲೇ ಮಾತಾಡಿಕೊಳ್ಳುವುದು ಲೇಸು.

ಮೂರನೆಯದು ಹೆಚ್ಚಿನವರಿಗೆ ಒಪ್ಪುವ ದಾರಿ: ಮೆಡಿಕಲ್ ಕಾಲೇಜಿನಲ್ಲಿ ಕೆಲಸದಲ್ಲಿದ್ದುಕೊಂಡೇ ಒಂದು ಕಾಯಿಲೆಯನ್ನು ಹಿಡಿದು, ಪ್ರಾಜೆಕ್ಟ್ ಹಣ ತಂದು ಬೆಳೆಯುವುದು. ಇದಕ್ಕೆ ಮೆಟ್ಟಿಲುಗಳಿವೆ. ಎಂಬಿಬಿಎಸ್‌ನಲ್ಲಿರುವಾಗ ಐಸಿಎಂಆರ್‌ನ ಎರಡು ತಿಂಗಳ ಎಸ್‌ಟಿಎಸ್ ವಿದ್ಯಾರ್ಥಿ ಪ್ರಾಜೆಕ್ಟ್. ಪಿಜಿಗಳಿಗೂ ಅಧ್ಯಾಪಕರಿಗೂ ಹೇಗೂ ಕಡ್ಡಾಯವಾಗಿರುವ ಬಿಸಿಬಿಆರ್ ಎಂಬ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸನ್ನು ಸರ್ಟಿಫಿಕೇಟಿಗಾಗಿ ಓಡಿಸದೆ ನಿಜವಾಗಿ ಓದುವುದು. ಪಿಜಿ ಥೀಸಿಸ್. ಆಮೇಲೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಶುರುಮಾಡಿದ ಉಮ್ಮೀದ್ ಎಂಬ ಆನುವಂಶಿಕ ಕಾಯಿಲೆಗಳ ಯೋಜನೆಯ ತರಬೇತಿ. ಕೊನೆಗೆ ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್‌ನ ಕ್ಲಿನಿಕಲ್ ಫೆಲೋಶಿಪ್ಪಿನಂಥ ಐದು ವರ್ಷದ ಹಣ.

ಥೀಸಿಸ್ ಬಗ್ಗೆ ಒಂದು ಮಾತು. ಬಹುಪಾಲು ಥೀಸಿಸ್‌ಗಳು 'ನೂರು ರೋಗಿಗಳಲ್ಲಿ ಇಂಥ ಸೀರಂ ಮಟ್ಟ' ಎಂಬ ಮಾದರಿಯವು. ಬೈಂಡ್ ಮಾಡಿ ಲೈಬ್ರರಿ ಸೇರಿದ ಮೇಲೆ ಯಾರೂ ತೆರೆಯುವುದಿಲ್ಲ. ಬದಲಿಗೆ ನಿಮ್ಮ ವಿಭಾಗಕ್ಕೆ ಬರುವ ಒಂದು ಅಪರೂಪದ ಕಾಯಿಲೆಯ ಮೂವತ್ತು ಕುಟುಂಬಗಳನ್ನು ಸರಿಯಾಗಿ ಬರೆದಿಟ್ಟು, ಡಿಎನ್‌ಎ ತೆಗೆದು ಫ್ರೀಜರಿನಲ್ಲಿಟ್ಟರೆ ಮುಂದಿನ ಹತ್ತು ವರ್ಷದ ಕೆಲಸಕ್ಕೆ ಅದೇ ಬೀಜ. ಅಂಕಿಅಂಶದ ದೃಷ್ಟಿಯಿಂದ ಮೂವತ್ತು ಚಿಕ್ಕ ಸಂಖ್ಯೆ ಎಂದು ಕಮಿಟಿಯವರು ತಕರಾರು ತೆಗೆಯಬಹುದು. ಇದು ವರ್ಣನಾತ್ಮಕ ಅಧ್ಯಯನ, ಪವರ್ ಲೆಕ್ಕ (ಎಷ್ಟು ರೋಗಿಗಳು ಬೇಕೆಂಬ ಲೆಕ್ಕ) ಬೇಡ ಎಂದು ಪ್ರೋಟೊಕಾಲಿನಲ್ಲೇ ಬರೆದುಬಿಡಿ.

ಮತ್ತೆ ಸಮಯ. ವಾರದಲ್ಲಿ ಒಂದೂವರೆ ಎರಡು ದಿನ ಓಪಿಡಿ, ಡ್ಯೂಟಿ, ಕ್ಲಾಸು ಯಾವುದೂ ಇಲ್ಲ ಎಂದು ವಿಭಾಗದ ಮುಖ್ಯಸ್ಥರಿಂದ ಲಿಖಿತವಾಗಿ ಪಡೆಯದಿದ್ದರೆ ಸಂಶೋಧನೆ ರಾತ್ರಿ ಹತ್ತರ ನಂತರದ ಹವ್ಯಾಸವಾಗಿ ಉಳಿಯುತ್ತದೆ. ಬಾಯಿಮಾತಿನ ಒಪ್ಪಿಗೆ ಡೆಂಗಿ ಸೀಸನ್ ಬಂದ ವಾರವೇ ಮುರಿದುಬೀಳುತ್ತದೆ.

ಮೊದಲು ರೋಗಿ, ಆಮೇಲೆ ಜೀನೋಮ್

ಎಕ್ಸೋಮ್ (ಜೀನ್‌ಗಳ ಪ್ರೊಟೀನ್ ಕಟ್ಟುವ ಭಾಗಗಳನ್ನೆಲ್ಲ ಓದುವ ಪರೀಕ್ಷೆ) ರಿಪೋರ್ಟ್ ಖಾಲಿ ಬಂದಾಗ ಲ್ಯಾಬನ್ನು ಬೈಯುವುದು ಸುಲಭ. ಕಳಿಸಿದ ಫಾರಂ ತೆಗೆದು ನೋಡಿದರೆ ಅದರಲ್ಲಿ ಇರುವುದು 'ಬೆಳವಣಿಗೆ ಕುಂಠಿತ, ಫಿಟ್ಸ್' ಎಂಬ ಎರಡು ಪದ. ಇದಕ್ಕೆ ಹೊಂದುವ ಜೀನ್‌ಗಳು ಸಾವಿರಕ್ಕೂ ಹೆಚ್ಚು. ವಿಶ್ಲೇಷಣೆಯ ತಂತ್ರಾಂಶಗಳು ಜೀನ್‌ಗಳನ್ನು ಸಾಲಾಗಿ ಜೋಡಿಸುವುದು ನೀವು ಕೊಟ್ಟ ಲಕ್ಷಣಗಳ ಆಧಾರದ ಮೇಲೆ. ಅದಕ್ಕಾಗಿ ಎಚ್‌ಪಿಒ ಎಂಬ ಅಂತರರಾಷ್ಟ್ರೀಯ ಪದಪಟ್ಟಿ ಇದೆ, ಒಂದೊಂದು ಲಕ್ಷಣಕ್ಕೂ ಒಂದು ಸಂಖ್ಯೆ, ಫಿಟ್ಸ್‌ಗೆ ಎಚ್‌ಪಿ:0001250. ಆದರೆ ಅಷ್ಟಕ್ಕೇ ನಿಲ್ಲಬಾರದು. ಫಿಟ್ಸ್ ಯಾವ ಬಗೆಯದು, ಎಷ್ಟನೇ ತಿಂಗಳಲ್ಲಿ ಶುರುವಾಯಿತು, ಜ್ವರದೊಂದಿಗೆ ಬರುತ್ತಿತ್ತೇ? ತಲೆಯ ಸುತ್ತಳತೆ ಹುಟ್ಟುವಾಗಲೇ ಚಿಕ್ಕದಿತ್ತೇ, ಆಮೇಲೆ ಹಿಂದುಳಿಯಿತೇ? ಈ ಒಂದು ವ್ಯತ್ಯಾಸಕ್ಕೇ ಜೀನ್‌ಗಳ ಪಟ್ಟಿ ಬೇರೆಯಾಗುತ್ತದೆ. ಕಲಿತದ್ದನ್ನು ಮಗು ಮರೆಯುತ್ತಿದೆಯೇ ಎಂಬ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಇಲ್ಲದ ಲಕ್ಷಣಗಳನ್ನೂ ಬರೆಯಿರಿ: ಯಕೃತ್ತು ದೊಡ್ಡದಾಗಿಲ್ಲ, ಕಿವಿ ಕೇಳುತ್ತದೆ, ಕಣ್ಣಿನ ಪರೀಕ್ಷೆ ಸರಿಯಿದೆ. ಎಂಟು ಹತ್ತು ನಿಖರ ಪದಗಳು ಇಪ್ಪತ್ತೈದು ಅಸ್ಪಷ್ಟ ಪದಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ವಂಶವೃಕ್ಷಕ್ಕೆ ಕನಿಷ್ಠ ಮೂರು ತಲೆಮಾರು. ಬದುಕಿರುವವರನ್ನಷ್ಟೇ ಕೇಳಿದರೆ ಸಾಲದು. ಗರ್ಭಪಾತಗಳು, ಹುಟ್ಟಿ ವಾರದೊಳಗೆ ತೀರಿಕೊಂಡ ಮಕ್ಕಳು, 'ಓಡಾಡಲು ಆಗುತ್ತಿರಲಿಲ್ಲ, ಹದಿನೆಂಟಕ್ಕೆ ಹೋಗಿಬಿಟ್ಟ' ಎಂಬ ಸೋದರಮಾವ, ಎಲ್ಲರೂ ಚಿತ್ರದಲ್ಲಿ ಬರಬೇಕು. ತಾಯಿಯ ಕಡೆಯ ಗಂಡಸರನ್ನು ಬೇರೆಯಾಗಿಯೇ ಕೇಳಿ. ಎಕ್ಸ್ ವರ್ಣತಂತುವಿನ ಕಾಯಿಲೆಗಳು ಅಲ್ಲಿ ಕಾಣುತ್ತವೆ. ಇಂಥ ವಿಷಯ ಅಪ್ಪನಿಗಿಂತ ಅಜ್ಜಿಗೆ ಹೆಚ್ಚು ಗೊತ್ತಿರುತ್ತದೆ, ಅವರನ್ನು ಕರೆದುಕೊಂಡು ಬರಹೇಳಿ.

ಸಂಬಂಧದಲ್ಲೇ ಮದುವೆಯಾಗಿದೆಯೇ ಎಂದು ಕೇಳುವಾಗ ಧ್ವನಿಯಲ್ಲಿ ಆರೋಪ ಇರಬಾರದು. ಅಕ್ಕನ ಮಗಳನ್ನು ಮದುವೆಯಾಗುವುದು ನಮ್ಮ ದಕ್ಷಿಣದಲ್ಲಿ ತಲೆಮಾರುಗಳಿಂದ ಬಂದದ್ದು. ಲೆಕ್ಕ ಹೀಗೆ: ಸೋದರಮಾವ-ಸೊಸೆ ಮದುವೆಯಾದರೆ ಮಗುವಿನ ಜೀನೋಮಿನ ಸರಾಸರಿ ಎಂಟನೇ ಒಂದು ಭಾಗದಲ್ಲಿ ಎರಡೂ ಪ್ರತಿ ಒಂದೇ ಪೂರ್ವಜರಿಂದ ಬಂದಿರುತ್ತವೆ, ಅತ್ತೆ ಮಗ-ಮಾವನ ಮಗಳು ಆದರೆ ಹದಿನಾರನೇ ಒಂದು ಭಾಗ. ಡಿಎನ್‌ಎಯ ಈ ಒಂದೇ ತೆರನಾದ ಉದ್ದನೆಯ ಪಟ್ಟಿಗಳು ಸಂಶೋಧಕರಿಗೆ ವರ. ರಿಸೆಸಿವ್ ಕಾಯಿಲೆಯ ಜೀನ್ ಬಹುಮಟ್ಟಿಗೆ ಅವುಗಳೊಳಗೇ ಇರುತ್ತದೆ ಎಂಬ ತರ್ಕವನ್ನು ಲ್ಯಾಂಡರ್ ಮತ್ತು ಬಾಟ್‌ಸ್ಟೈನ್ 1987ರಲ್ಲೇ ಮುಂದಿಟ್ಟರು. ಕಾಯಿಲೆಯಿರುವ ಇಬ್ಬರು ಮಕ್ಕಳಲ್ಲಿ ಇರುವ, ಆರೋಗ್ಯವಂತ ಅಣ್ಣನಲ್ಲಿ ಇಲ್ಲದ ಪಟ್ಟಿಗಳನ್ನು ಹುಡುಕಿದರೆ ಹುಡುಕಾಟದ ಜಾಗ ಎಷ್ಟೋ ಪಾಲು ಕಿರಿದಾಗುತ್ತದೆ. ಆದರೆ ಸಂಬಂಧದ ಮದುವೆ ಕಂಡ ಕೂಡಲೇ ರಿಸೆಸಿವ್ ಎಂದು ಕಣ್ಣುಮುಚ್ಚಿ ಹೋಗುವವರು ಮೋಸಹೋಗುತ್ತಾರೆ. ಅಂಥ ಮನೆಯ ಮಗುವಿಗೂ ಹೊಸದಾಗಿ ಹುಟ್ಟಿದ ಡಾಮಿನೆಂಟ್ (ಒಂದೇ ಪ್ರತಿ ಕೆಟ್ಟರೂ ಸಾಕಾಗುವ) ಬದಲಾವಣೆ ಇರಬಹುದು. ಒಂದೇ ಮಗುವಿನಲ್ಲಿ ಎರಡು ಬೇರೆ ಬೇರೆ ಆನುವಂಶಿಕ ಕಾಯಿಲೆ ಕೂಡಿಕೊಂಡಿರುವುದೂ ಉಂಟು. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ಎಕ್ಸೋಮ್‌ನಿಂದ ಉತ್ತರ ಸಿಕ್ಕವರ ಪೈಕಿ ಸುಮಾರು ಶೇ 5 ಮಂದಿಗೆ ಒಂದಕ್ಕಿಂತ ಹೆಚ್ಚು ಕಾಯಿಲೆಗಳಿದ್ದವು.

ರೋಗಿಯನ್ನು ನೋಡದೆ ಕಾರಣ ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡೇ ಸಾಕ್ಷಿ. 1975ರ ಹೊತ್ತಿಗೆ ಅಲ್ಲಿ ಸೊಂಟ, ಮಂಡಿ ನೋವಿನಿಂದ ನಡೆಯಲಾಗದವರು ಗುಂಪುಗುಂಪಾಗಿ ಕಂಡಾಗ, ಗದ್ದೆಗೆ ಹೊಡೆದ ಕೀಟನಾಶಕ, ಗದ್ದೆಯ ಏಡಿ ತಿಂದದ್ದು, ಅಪೌಷ್ಟಿಕತೆ ಎಂದೆಲ್ಲ ಗುಮಾನಿ ಎದ್ದಿತ್ತು. ಮನೆಮನೆಯ ವಂಶವೃಕ್ಷ ಬರೆದು, ಸೊಂಟದ ಮತ್ತು ಬೆನ್ನುಮೂಳೆಯ ಎಕ್ಸ್‌ರೇಗಳನ್ನು ಸಾಲಾಗಿ ಜೋಡಿಸಿ ನೋಡಿದ ಮೇಲೆಯೇ ಇದು ಮೂಳೆಯ ಬೆಳವಣಿಗೆಯ ಆನುವಂಶಿಕ ದೋಷ, ತಲೆಮಾರಿನಿಂದ ತಲೆಮಾರಿಗೆ ಡಾಮಿನೆಂಟ್ ಆಗಿ ಇಳಿಯುತ್ತದೆ ಎಂಬುದು ಸ್ಪಷ್ಟವಾದದ್ದು. ಆ ಕೆಲಸಕ್ಕೆ ಬೇಕಾದದ್ದು ಪೆನ್ಸಿಲ್, ಕಾಗದ, ಎಕ್ಸ್‌ರೇ ಯಂತ್ರ.

ನಾಲ್ಕು ಎಂಎಲ್ ರಕ್ತದಲ್ಲಿ ಆಗುವ ತಪ್ಪುಗಳು

ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು, ದೊಡ್ಡವರಿಗೆ 3ರಿಂದ 5 ಎಂಎಲ್, ಕೂಸುಗಳಿಗೆ 1ರಿಂದ 2. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು ಕ್ಯಾರಿಯೋಟೈಪ್ ಎಂಬ ವರ್ಣತಂತು ಪರೀಕ್ಷೆಗೆ ಬೇಕು. ಡಿಎನ್‌ಎಗೆ ಅದನ್ನು ಬಳಸಿದರೆ ಹೆಪಾರಿನ್ ಡಿಎನ್‌ಎ ನಕಲು ಮಾಡುವ ಪಿಸಿಆರ್ ಕಿಣ್ವವನ್ನು ತಡೆಯುತ್ತದೆ. ತುಂಬಿದ ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ಬೋರಲು ಮಾಡಿ ತಿರುಗಿಸಿ, ಕುಲುಕಬೇಡಿ. ಗರಣೆ ಕಟ್ಟಿದ ರಕ್ತದಿಂದಲೂ ಡಿಎನ್‌ಎ ತೆಗೆಯಬಹುದು, ಆದರೆ ಇಳುವರಿ ಬಿದ್ದುಹೋಗುತ್ತದೆ. ತಂದೆತಾಯಿಯ ರಕ್ತವನ್ನೂ ಅದೇ ದಿನ ತೆಗೆದಿಡಿ. 'ಮಗುವಿನ ರಿಪೋರ್ಟ್ ಬರಲಿ, ಆಮೇಲೆ ನೋಡೋಣ' ಎಂದು ಬಿಟ್ಟರೆ ರಾಯಚೂರಿನಿಂದ ಕೂಲಿ ಬಿಟ್ಟು ಬಂದವರು ಇನ್ನೊಮ್ಮೆ ಬರುವುದು ಅನುಮಾನ.

ಲೇಬಲ್ ಹಚ್ಚುವುದು ರೋಗಿಯ ಎದುರಿಗೇ, ಎರಡು ಗುರುತುಗಳೊಂದಿಗೆ. ಖಾಲಿ ಟ್ಯೂಬಿಗೆ ಮೊದಲೇ ಲೇಬಲ್ ಹಚ್ಚಿ ಸಾಲಾಗಿಡುವ ಅಭ್ಯಾಸದಿಂದಲೇ ಹೆಚ್ಚಿನ ಅದಲುಬದಲು ಆಗುವುದು. ಆರು ವಾರದ ಒಳಗೆ ರಕ್ತ ಕೊಡಿಸಿದ್ದರೆ ಬರೆದಿಡಿ. ಮೂಳೆಮಜ್ಜೆ ಕಸಿ ಆದವರ ರಕ್ತದಲ್ಲಿರುವುದು ದಾನಿಯ ಡಿಎನ್‌ಎ. ಅವರಿಂದ ಚರ್ಮದ ತುಣುಕು ಬೇಕು. ಕೆನ್ನೆಯೊಳಗಿನ ಉಜ್ಜಿನಲ್ಲೂ ದಾನಿಯ ಬಿಳಿ ರಕ್ತಕಣ ಸೇರಿರುತ್ತವೆ.

ರಕ್ತ 4 ಡಿಗ್ರಿಯಲ್ಲಿ ಕೆಲವು ದಿನ ತಾಳುತ್ತದೆ. ಒಂದು ಎಂಎಲ್‌ನಿಂದ ಸುಮಾರು 20ರಿಂದ 40 ಮೈಕ್ರೋಗ್ರಾಂ ಡಿಎನ್‌ಎ ನಿರೀಕ್ಷಿಸಬಹುದು. ಬೆಳಕಿನಿಂದ ಡಿಎನ್‌ಎ ಅಳೆಯುವ ನ್ಯಾನೋಡ್ರಾಪ್ ಯಂತ್ರದಲ್ಲಿ, ಶುದ್ಧತೆ ಹೇಳುವ 260/280 ಅನುಪಾತ 1.8ರ ಆಸುಪಾಸು ಇರಬೇಕು. ಕಡಿಮೆಯಾದರೆ ಪ್ರೊಟೀನ್ ಉಳಿದಿದೆ. 260/230 ಕುಸಿದಿದ್ದರೆ ಕಿಟ್‌ನ ಲವಣ ತೊಳೆದು ಹೋಗಿಲ್ಲ ಎಂದರ್ಥ. ಪ್ರಮಾಣಕ್ಕೆ ಮಾತ್ರ ನ್ಯಾನೋಡ್ರಾಪನ್ನು ನಂಬಬೇಡಿ, ಅದು ಆರ್‌ಎನ್‌ಎಯನ್ನೂ ಸೇರಿಸಿ ಎಣಿಸುತ್ತದೆ. ಸೀಕ್ವೆನ್ಸಿಂಗ್‌ಗೆ ಕಳಿಸುವ ಮುನ್ನ ಕ್ಯೂಬಿಟ್ ಯಂತ್ರದಲ್ಲಿ ಅಳೆಯಿರಿ. ಎರಡು ಪಾಲು ಮಾಡಿ, ಒಂದನ್ನು ಮೈನಸ್ 80ರಲ್ಲಿಟ್ಟು ಮುಟ್ಟಬೇಡಿ. ಆ ಫ್ರೀಜರಿಗೆ ಜನರೇಟರ್ ಸಂಪರ್ಕ ಇದೆಯೇ ಎಂದು ನೀವೇ ಹೋಗಿ ನೋಡಿ. ಇದೆ ಎಂದು ಹೇಳಿದರೆ ಸಾಲದು.

ಎಕ್ಸೋಮ್‌ಗೆ ಕಾಣದ ಕಾಯಿಲೆಗಳು

ಪ್ರೊಟೀನ್ ಕಟ್ಟುವ ಸುಮಾರು 20,000 ಜೀನ್‌ಗಳ ಬರಹವನ್ನು ಎಕ್ಸೋಮ್ ಓದುತ್ತದೆ, ಅದು ಜೀನೋಮಿನ ಶೇ 1ರಿಂದ 2 ಮಾತ್ರ. ಎಲ್ಲದಕ್ಕೂ ಎಕ್ಸೋಮ್ ಬರೆಯುವ ಚಟ ಈಗ ಹಬ್ಬಿದೆ. ಡುಷೆನ್ ಸ್ನಾಯುಕ್ಷಯದಲ್ಲಿ ಸುಮಾರು ಮೂರನೇ ಎರಡು ಭಾಗ ರೋಗಿಗಳಿಗೆ ಜೀನಿನ ತುಂಡೇ ಬಿದ್ದುಹೋಗಿರುತ್ತದೆ. ಅಲ್ಲಿ ಮೊದಲು ಬಿದ್ದುಹೋದ ತುಂಡನ್ನು ಪತ್ತೆಮಾಡುವ ಎಂಎಲ್‌ಪಿಎ ಪರೀಕ್ಷೆ, ಅದು ಅಗ್ಗವೂ ಹೌದು. ಎಸ್‌ಎಂಎ ಎಂಬ ನರ-ಸ್ನಾಯು ಕಾಯಿಲೆಯ ಎಸ್‌ಎಂಎನ್1 ಜೀನಿಗೆ ಎಸ್‌ಎಂಎನ್2 ಎಂಬ ತದ್ರೂಪಿ ಪಕ್ಕದಲ್ಲೇ ಕೂತಿರುವುದರಿಂದ ಸಾಮಾನ್ಯ ಎಕ್ಸೋಮ್ ವಿಶ್ಲೇಷಣೆ ಎರಡನ್ನೂ ಬೆರೆಸಿಬಿಡುತ್ತದೆ. ಹಂಟಿಂಗ್ಟನ್, ಸಾಮಾನ್ಯವಾಗಿ ಕಾಣುವ ಎಸ್‌ಸಿಎಗಳು (ಆನುವಂಶಿಕ ಅಟಾಕ್ಸಿಯಾಗಳು, ಅಂದರೆ ನಡಿಗೆ ತೂರಾಡುವ ಕಾಯಿಲೆಗಳು), ಫ್ರೀಡ್ರೈಕ್ ಅಟಾಕ್ಸಿಯಾ, ಮಯೋಟೋನಿಕ್ ಡಿಸ್ಟ್ರೋಫಿ, ಫ್ರಾಜೈಲ್ ಎಕ್ಸ್ ಇವೆಲ್ಲ ಮೂರಕ್ಷರದ ಅಥವಾ ಅಂಥದೇ ತುಣುಕಿನ ಪುನರಾವರ್ತನೆ ಬೆಳೆದು ಆಗುವ ಕಾಯಿಲೆಗಳು. ಹಂಟಿಂಗ್ಟನ್‌ನಲ್ಲಿ ಸಿಎಜಿ ಎಂಬ ಮೂರಕ್ಷರ 40 ಸಲ ಅಥವಾ ಹೆಚ್ಚಾದರೆ ಕಾಯಿಲೆ ಖಚಿತ, 36ರಿಂದ 39 ಅನಿಶ್ಚಿತ. 150 ಅಕ್ಷರದ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಓದುವ ಯಂತ್ರಕ್ಕೆ ಉದ್ದನೆಯ ಪುನರಾವರ್ತನೆಯನ್ನು ಎಣಿಸಲು ಆಗುವುದಿಲ್ಲ. ನಡುವಯಸ್ಸಿನವರ ಅಟಾಕ್ಸಿಯಾಕ್ಕೆ ಎಕ್ಸೋಮ್ ಕಳಿಸಿ ಖಾಲಿ ರಿಪೋರ್ಟ್ ಹಿಡಿದು ಕೂರುವ ಮುನ್ನ ಪುನರಾವರ್ತನೆಗಳ ಪಿಸಿಆರ್ ಮುಗಿದಿರಬೇಕು.

ಇಪ್ಪತ್ತು ಸಾವಿರದಿಂದ ಒಂದಕ್ಕೆ

ಯಂತ್ರದಿಂದ ಬರುವ ಕಚ್ಚಾ ಕಡತ ಫಾಸ್ಟ್‌ಕ್ಯೂ. ಅದನ್ನು ಬಿಡಬ್ಲ್ಯುಎ ಎಂಬ ತಂತ್ರಾಂಶ ಮಾನದಂಡದ ಜೀನೋಮಿಗೆ ಹೊಂದಿಸಿ ಬ್ಯಾಮ್ ಕಡತ ಮಾಡುತ್ತದೆ, ಜಿಎಟಿಕೆ ಎಂಬ ಇನ್ನೊಂದು ತಂತ್ರಾಂಶ ವ್ಯತ್ಯಾಸಗಳನ್ನು ಹೆಕ್ಕಿ ವಿಸಿಎಫ್ ಕಡತ ಕೊಡುತ್ತದೆ. ಈ ಸರಣಿಯನ್ನು ವೈದ್ಯರು ಸ್ವತಃ ಒಮ್ಮೆ ನಡೆಸಿ ನೋಡಬೇಕು, ದಿನಾಲೂ ಅಲ್ಲ. ಅಷ್ಟಕ್ಕೆ ಲಿನಕ್ಸ್‌ನ ಇಪ್ಪತ್ತು ಮೂವತ್ತು ಆದೇಶಗಳು, ಸ್ವಲ್ಪ ಆರ್ ಸಾಕು.

ವಿಸಿಎಫ್ ತೆರೆದ ಕೂಡಲೇ ವೇರಿಯಂಟ್ (ಡಿಎನ್‌ಎ ಬರಹದ ವ್ಯತ್ಯಾಸ) ಹುಡುಕಲು ಹೋಗದೆ ಮೂರು ಸಂಗತಿ ನೋಡಿ. ಸರಾಸರಿ ಆಳ (ಒಂದೊಂದು ಅಕ್ಷರವನ್ನು ಎಷ್ಟು ಸಲ ಓದಿದೆ ಎಂಬುದು) 80ರಿಂದ 100 ಪಟ್ಟು ಇದೆಯೇ, ಗುರಿಯ ಶೇ 95ಕ್ಕೂ ಹೆಚ್ಚು ಭಾಗ 20 ಪಟ್ಟು ಮುಟ್ಟಿದೆಯೇ? ಎಕ್ಸ್, ವೈ ಓದುಗಳ ಪ್ರಕಾರ ಲಿಂಗ ಫಾರಂಗೆ ಹೊಂದುತ್ತದೆಯೇ? ತಂದೆ, ತಾಯಿ, ಮಗು ಎಂದು ಬರೆದವರು ಡಿಎನ್‌ಎ ಲೆಕ್ಕದಲ್ಲೂ ಹಾಗೇ ಇದ್ದಾರೆಯೇ? ಮೂರನೆಯದು ಹೊಂದದಿದ್ದರೆ ಟ್ಯೂಬು ಅದಲುಬದಲಾಗಿರಬಹುದು, ಜೈವಿಕ ತಂದೆ ಬೇರೆಯಾಗಿರಬಹುದು. ಎರಡನೆಯ ಸಂದರ್ಭದಲ್ಲಿ ಏನು ಮಾಡುತ್ತೇವೆ ಎಂಬುದನ್ನು ಎಥಿಕ್ಸ್ ಕಮಿಟಿಗೆ ಕೊಟ್ಟ ಪ್ರೋಟೊಕಾಲಿನಲ್ಲಿ ಮೊದಲೇ ಬರೆದಿರಬೇಕು. ಆ ಸಂಗತಿಯನ್ನು ತಿಳಿಸುವುದಿಲ್ಲ ಎಂಬುದೇ ರೂಢಿ.

ಒಂದು ಎಕ್ಸೋಮ್‌ನಲ್ಲಿ ಸುಮಾರು 20,000ದಿಂದ 25,000 ವೇರಿಯಂಟ್ ಇರುತ್ತವೆ. ಜನರಲ್ಲಿ ಶೇ 1ಕ್ಕಿಂತ ಹೆಚ್ಚು ಕಾಣುವುದನ್ನೆಲ್ಲ ತೆಗೆದು, ಪ್ರೊಟೀನನ್ನು ಬದಲಿಸುವವನ್ನು ಮಾತ್ರ ಉಳಿಸಿಕೊಂಡರೆ ಕೆಲವು ನೂರಕ್ಕೆ ಇಳಿಯುತ್ತದೆ. ತಂದೆತಾಯಿಯ ಎಕ್ಸೋಮ್ ಜೊತೆಗಿದ್ದರೆ, ಅವರಿಬ್ಬರಲ್ಲೂ ಇಲ್ಲದೆ ಮಗುವಿನಲ್ಲಿ ಮಾತ್ರ ಹುಟ್ಟಿದ್ದು ಒಂದೋ ಎರಡೋ. ಬುದ್ಧಿಮಾಂದ್ಯದ ಮಕ್ಕಳಲ್ಲಿ ಮೂವರನ್ನೂ ಸೇರಿಸಿ ಓದುವುದು ದುಬಾರಿ ಎನಿಸಿದರೂ ಕೊನೆಗೆ ಉಳಿತಾಯ.

ಈ ಜರಡಿಯಲ್ಲಿ ಭಾರತೀಯರಿಗೆ ಒಂದು ವಿಶೇಷ ತೊಡಕು. ಯಾವ ವೇರಿಯಂಟ್ ಜನರಲ್ಲಿ ಎಷ್ಟು ಸಾಮಾನ್ಯ ಎಂದು ನೋಡಲು ಎಲ್ಲರೂ ಬಳಸುವ ನೋಮ್ಯಾಡ್ ಸಂಗ್ರಹದ ನಾಲ್ಕನೇ ಆವೃತ್ತಿಯಲ್ಲಿ 8 ಲಕ್ಷಕ್ಕೂ ಹೆಚ್ಚು ಜನರ ದತ್ತಾಂಶ ಇದೆ, ದಕ್ಷಿಣ ಏಷ್ಯಾದವರು ಅದರಲ್ಲಿ ಶೇ 10ಕ್ಕಿಂತ ಕಡಿಮೆ. ಒಳಗೊಳಗೇ ಮದುವೆ ಮಾಡಿಕೊಂಡು ಬಂದ ನಮ್ಮ ನೂರಾರು ಸಮುದಾಯಗಳಲ್ಲಿ ತೀರಾ ಸಾಮಾನ್ಯವಾದ ಬದಲಾವಣೆ ಅಲ್ಲಿ ಅಪರೂಪದಂತೆ ಕಂಡು ಆರೋಪಿಯ ಸ್ಥಾನದಲ್ಲಿ ನಿಂತುಬಿಡುತ್ತದೆ. ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಸಮನ್ವಯ ಮಾಡಿದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಪೂರ್ಣ ಜೀನೋಮ್ ಓದಿದ್ದು ಈ ಕೊರತೆಗಾಗಿಯೇ. 2025ರ ಜನವರಿಯಿಂದ ಆ ದತ್ತಾಂಶ ಸಂಶೋಧಕರಿಗೆ ಅರ್ಜಿಯ ಮೇಲೆ ತೆರೆದಿದೆ.

ಎಂವೈಬಿಪಿಸಿ3 ಜೀನಿನ 25 ಅಕ್ಷರಗಳ ಅಳಿಕೆ ಇದಕ್ಕೆ ತಕ್ಕ ಉದಾಹರಣೆ. ದಕ್ಷಿಣ ಏಷ್ಯಾದ ಸುಮಾರು ಶೇ 4 ಜನರಲ್ಲಿ ಇರುವ ಇದಕ್ಕೂ ಹೃದಯಸ್ನಾಯುವಿನ ಕಾಯಿಲೆಗೂ ನಂಟಿದೆ ಎಂದು 2009ರಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಇದನ್ನು ಹೊತ್ತ ಬಹುಪಾಲು ಜನ ಆರಾಮಾಗಿದ್ದಾರೆ. ಅಳಿಕೆಯ ಜೊತೆಗೇ ಅದೇ ಜೀನಿನಲ್ಲಿ ಡಿ389ವಿ ಎಂಬ ಇನ್ನೊಂದು ಬದಲಾವಣೆಯೂ ಇರುವ ಸಣ್ಣ ಪಾಲಿನವರಲ್ಲೇ ಹೃದಯ ಅತಿಯಾಗಿ ಸಂಕುಚಿಸುವುದು ಕಂಡದ್ದು ಆಮೇಲೆ. ರಿಪೋರ್ಟಿನಲ್ಲಿ 25 ಅಕ್ಷರದ ಅಳಿಕೆ ಕಂಡ ಮಾತ್ರಕ್ಕೆ ಮನೆಮಂದಿಯನ್ನೆಲ್ಲ ಹೆದರಿಸುವುದಕ್ಕೆ ಆಧಾರ ಇಲ್ಲ. ಇದಕ್ಕೆ ಎದುರಾಗಿ, ವೈಶ್ಯ ಸಮುದಾಯದಲ್ಲಿ ಹೆಚ್ಚಾಗಿ ಕಾಣುವ ಬಿಸಿಎಚ್‌ಇ ಜೀನಿನ ಎಲ್307ಪಿ ಬದಲಾವಣೆ ದಿನನಿತ್ಯದ ಬದುಕಿನಲ್ಲಿ ಏನೂ ಮಾಡುವುದಿಲ್ಲ. ಆಪರೇಷನ್ ಟೇಬಲ್ ಮೇಲೆ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಮಾತ್ರ ಕೆಲವೇ ನಿಮಿಷದಲ್ಲಿ ಮರಳಬೇಕಾದ ಉಸಿರು ಗಂಟೆಗಟ್ಟಲೆ ಮರಳುವುದಿಲ್ಲ. ಅರಿವಳಿಕೆ ತಜ್ಞರಿಗೆ ಕುಟುಂಬದ ಈ ಇತಿಹಾಸ ಗೊತ್ತಿದ್ದರೆ ಔಷಧ ಬದಲಿಸಿದರಾಯಿತು.

ಉಳಿದ ವೇರಿಯಂಟನ್ನು ಅಮೆರಿಕದ ತಜ್ಞರ ಸಂಸ್ಥೆ ಎಸಿಎಂಜಿಯ 2015ರ ನಿಯಮಗಳ ಪ್ರಕಾರ, ನಿರಪಾಯದಿಂದ ಕಾಯಿಲೆ ತರುವುದರವರೆಗಿನ ಐದು ದರ್ಜೆಗಳಲ್ಲಿ ಒಂದಕ್ಕೆ ಸೇರಿಸಬೇಕು. ಇಲ್ಲಿ ಹೊಸಬರು ಎಡವುವ ಜಾಗಗಳು ಗೊತ್ತಿರುವಂಥವೇ. ಜೀನ್ ಮಧ್ಯದಲ್ಲಿ ಕತ್ತರಿಸಿಹೋಗುವ ಬದಲಾವಣೆ ಕಂಡೊಡನೆ ಅತಿ ಬಲವಾದ ಪುರಾವೆಯ ಅಂಕ ಕೊಡುತ್ತಾರೆ. ಅದು ಕೊನೆಯ ಎಕ್ಸಾನಿನಲ್ಲಿದ್ದರೆ ಪ್ರೊಟೀನ್ ಬಹುಪಾಲು ತಯಾರಾಗಿಯೇ ಇರಬಹುದು, ಅಥವಾ ಆ ಜೀನಿನಲ್ಲಿ ಕೆಲಸ ನಿಲ್ಲುವುದರಿಂದ ಕಾಯಿಲೆ ಬರುವುದೇ ಇಲ್ಲದಿರಬಹುದು. ಮಾನದಂಡದ ಜೀನೋಮಿನ ಹಳೆಯ 37ನೇ ಆವೃತ್ತಿಯ ಸ್ಥಾನಸಂಖ್ಯೆಯನ್ನು 38ರಲ್ಲಿ ಹುಡುಕಿ 'ಯಾರಲ್ಲೂ ಇಲ್ಲ' ಎಂದು ಬರೆಯುವವರೂ ಇದ್ದಾರೆ. ಟ್ರಾನ್ಸ್‌ಕ್ರಿಪ್ಟ್ (ಎಣಿಕೆಗೆ ಆಧಾರವಾದ ಜೀನಿನ ಪಾಠ) ಬದಲಾದರೆ ಒಂದೇ ವೇರಿಯಂಟಿಗೆ ಎರಡು ಹೆಸರು: ಭಾರತದ ಜಿಎನ್‌ಇ ಜೀನಿನ ಸ್ನಾಯುರೋಗಿಗಳಲ್ಲಿ ಪದೇಪದೇ ಸಿಗುವ ಬದಲಾವಣೆ ಹಳೆಯ ಲೇಖನಗಳಲ್ಲಿ ವಿ696ಎಂ, ಹೊಸವುಗಳಲ್ಲಿ ವಿ727ಎಂ. ಇದನ್ನರಿಯದೆ ಹುಡುಕಿದರೆ ಪ್ರಕಟವಾದ ಪುರಾವೆಯ ಅರ್ಧ ಕೈತಪ್ಪುತ್ತದೆ. ಕೊನೆಗೆ ಉಳಿದ ಪ್ರತಿ ವೇರಿಯಂಟಿನ ಓದುಗಳನ್ನು ಐಜಿವಿ ತಂತ್ರಾಂಶದಲ್ಲಿ ಕಣ್ಣಾರೆ ನೋಡಿ. ಓದುಗಳೆಲ್ಲ ಒಂದೇ ದಿಕ್ಕಿನವಾಗಿದ್ದರೆ ಅಥವಾ ಸುತ್ತ ಹತ್ತಾರು ವ್ಯತ್ಯಾಸ ಗುಂಪಾಗಿದ್ದರೆ ಅದು ಯಂತ್ರದ ಅಥವಾ ಹೊಂದಿಕೆಯ ದೋಷ.

ಅರ್ಥ ಖಚಿತವಿಲ್ಲದ ವೇರಿಯಂಟ್, ಅಂದರೆ ವಿಯುಎಸ್, ಇರುವವರಿಗೆ ಅದರ ಆಧಾರದ ಮೇಲೆ ಗರ್ಭದ ಪರೀಕ್ಷೆ ಮಾಡಬಾರದು, ಮಗಳ ಮದುವೆಯ ಮಾತಿನಲ್ಲಿ ಅದನ್ನು ಎತ್ತಬಾರದು. ಮನೆಯವರು ಒತ್ತಾಯಿಸುತ್ತಾರೆ, 'ಏನೋ ಒಂದು ಹೇಳಿ ಡಾಕ್ಟ್ರೇ' ಎನ್ನುತ್ತಾರೆ. ಮಣಿಯಬೇಡಿ. ಸಂಶೋಧನಾ ಲ್ಯಾಬಿನಲ್ಲಿ ಸಿಕ್ಕ ಖಚಿತ ಉತ್ತರವನ್ನೂ ಹೊಸ ಸ್ಯಾಂಪಲ್ ತೆಗೆದು, ಮಾನ್ಯತೆ ಇರುವ ಲ್ಯಾಬಿನಲ್ಲಿ ಒಂದೊಂದೇ ತುಣುಕನ್ನು ಓದುವ ಸ್ಯಾಂಗರ್ ವಿಧಾನದಿಂದ ಪಕ್ಕಾ ಮಾಡಿಕೊಂಡ ಮೇಲೆಯೇ ಕೊಡಬೇಕು.

ಹಿಂದೆ ಯಾವ ಕಾಯಿಲೆಗೂ ಸೇರದ ಜೀನ್ ಸಿಕ್ಕರೆ ಹಿಗ್ಗುವ ಮುನ್ನ ಅದನ್ನು, ಒಂದೇ ಜೀನಿನ ಬೆನ್ನುಹತ್ತಿದವರನ್ನು ಜೋಡಿಸುವ ಜೀನ್‌ಮ್ಯಾಚರ್ ಜಾಲತಾಣಕ್ಕೆ ಹಾಕಿ. ಬೇರೆ ದೇಶದ ಯಾರೋ ಅದೇ ಜೀನ್, ಅಂಥದೇ ಮಗುವನ್ನು ಇಟ್ಟುಕೊಂಡು ಕಾಯುತ್ತಿರಬಹುದು. ಒಂದು ಕುಟುಂಬ ಗುಮಾನಿ ಮಾತ್ರ. ಸಂಬಂಧವಿಲ್ಲದ ಹಲವು ಕುಟುಂಬ, ಜೊತೆಗೆ ಜೀವಕೋಶದಲ್ಲೋ ಜೀಬ್ರಾಮೀನಿನಲ್ಲೋ ತೋರಿಸಿದ ಪುರಾವೆ ಇದ್ದರೆ ಪ್ರಬಂಧ. ಲೇಖಕರ ಹೆಸರುಗಳ ಕ್ರಮವನ್ನು ಇಮೇಲಿನಲ್ಲಿ ಆಗಲೇ ಬರೆದುಕೊಳ್ಳಿ. ಸ್ಯಾಂಪಲ್ ಹೊರದೇಶಕ್ಕೆ ಹೋಗುವುದಾದರೆ ಅಥವಾ ವಿದೇಶಿ ಹಣ ಬರುವುದಾದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಒಪ್ಪಿಗೆ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ.

ಖಾಲಿ ಬಂದ ಎಕ್ಸೋಮ್‌ಗಳನ್ನು ಎಸೆಯಬೇಡಿ. ಒಂದೆರಡು ವರ್ಷ ಬಿಟ್ಟು ಅದೇ ದತ್ತಾಂಶವನ್ನು ಮತ್ತೆ ವಿಶ್ಲೇಷಿಸಿದರೆ ಸುಮಾರು ಹತ್ತರಲ್ಲಿ ಒಂದಕ್ಕೆ ಉತ್ತರ ಸಿಗುತ್ತದೆ, ನಡುವೆ ಹೊಸ ಜೀನ್‌ಗಳು ಪತ್ತೆಯಾಗಿರುತ್ತವೆ. 2024ರಲ್ಲಿ ಆರ್‌ಎನ್‌ಯು4-2 ಎಂಬ ಪುಟಾಣಿ ಜೀನ್ ಬೆಳಕಿಗೆ ಬಂತು. ಅದು ಪ್ರೊಟೀನನ್ನೇ ಕಟ್ಟುವುದಿಲ್ಲ, ಹಾಗಾಗಿ ಎಕ್ಸೋಮ್ ಅದನ್ನು ಸಾಮಾನ್ಯವಾಗಿ ಓದುವುದೂ ಇಲ್ಲ; ಆದರೂ ಬುದ್ಧಿಮಾಂದ್ಯದ ಕಾರಣಗಳಲ್ಲಿ ಅದು ಮುಂಚೂಣಿಯಲ್ಲಿದೆ. ಎಕ್ಸೋಮ್ ಖಾಲಿ ಬಂದ ಅಂಥ ಮಕ್ಕಳಿಗೆ ಈ ಒಂದು ಜೀನನ್ನು ಮಾತ್ರ ಸ್ಯಾಂಗರ್‌ನಲ್ಲಿ ಓದಿಸಬಹುದು, ಖರ್ಚು ಹೆಚ್ಚಲ್ಲ. ಆದರೆ ಮರುವಿಶ್ಲೇಷಣೆಗೆ ಫಾಸ್ಟ್‌ಕ್ಯೂ ಕಡತ ನಿಮ್ಮ ಕೈಯಲ್ಲಿರಬೇಕು. ಪಿಡಿಎಫ್ ರಿಪೋರ್ಟ್ ಮಾತ್ರ ಕೊಡುವ ಲ್ಯಾಬಿಗೆ ಸ್ಯಾಂಪಲ್ ಕಳಿಸುವ ಮುನ್ನವೇ ಕಚ್ಚಾ ದತ್ತಾಂಶ ಬೇಕೆಂದು ಬರೆಸಿಕೊಳ್ಳಿ. ಉಳಿದ ಡಿಎನ್‌ಎಯನ್ನು ಮುಂದಿನ ಪರೀಕ್ಷೆಗೆ ಬಳಸಬಹುದು, ಮತ್ತೆ ಸಂಪರ್ಕಿಸಬಹುದು ಎಂಬ ಎರಡು ವಾಕ್ಯ ಕನ್ನಡದ ಒಪ್ಪಿಗೆ ಪತ್ರದಲ್ಲಿ ಇರಲಿ. ಜೊತೆಗೆ ಮೂರು ಫೋನ್ ನಂಬರ್ ಬರೆದುಕೊಳ್ಳಿ: ಅಪ್ಪನದು, ಅಮ್ಮನದು, ಊರಲ್ಲೇ ಇರುವ ನೆಂಟರೊಬ್ಬರದು. ಮೊದಲ ಎರಡು ನಂಬರ್ ವರ್ಷ ತುಂಬುವುದರೊಳಗೆ ಬದಲಾಗಿರುತ್ತವೆ.